ಹೆಗಲ ಮೇಲೊಂದು ಪ್ರಾತ್ಯಕ್ಷಿಕೆ ತಾಕು

ಕೈಗೆ ಸಿಕ್ಕ ಪೊಟ್ಟಣದ ಮೇಲೆ ಏನು ಅಚ್ಚಾಗಿದೆ ಎಂದು ಓದದೆ ಅದನ್ನು ಕೆಳಗಿಡಲಾರದ ಕೆಲವರು ಇರುತ್ತಾರೆ. ನಾನು ಆ ಪೈಕಿಯವನು. ಮಿರ್ಚಿ ಕಟ್ಟಿಕೊಟ್ಟ ಪೇಪರಿನ ಎಣ್ಣೆ ಒರೆಸಿ, ಅರ್ಧಕ್ಕೇ ಹರಿದ ಸುದ್ದಿಯನ್ನು ಓದಿ, ಉಳಿದರ್ಧ ಯಾರ ಮಿರ್ಚಿಯ ಜೊತೆ ಹೋಯಿತೋ ಎಂದು ತಲೆ ಕೆಡಿಸಿಕೊಂಡವನು. ಬೀಜದ ಚೀಲ, ಬೆಂಕಿಪೊಟ್ಟಣ, ಬಿಸ್ಕತ್ತು, ಮಾತ್ರೆಯ ಹಾಳೆ, ಯಾವುದನ್ನೂ ಬಿಟ್ಟಿಲ್ಲ. “ಊಟಕ್ಕೆ ಕರೆದ್ರೆ ಉಪ್ಪಿನ ಪಾಕೀಟು ಓದ್ಕೊಂತ ಕುಂದರ್ತಾರೆ” ಎಂದು ನನ್ನ ಹೆಂಡತಿ ಶಾಂತಾ ಬಂದವರೆದುರು ದೂರುವುದುಂಟು. ಇಂಥ ನನಗೆ ಒಂದೇ ಒಂದು ವಸ್ತುವಿನ ಬಗ್ಗೆ ಮಾತ್ರ ಅರವತ್ತು ದಾಟುವವರೆಗೂ ಕುತೂಹಲ ಹುಟ್ಟಿರಲಿಲ್ಲ. ಅದು ಸೋಪು. ಬಚ್ಚಲಲ್ಲಿ ಯಾವುದಿದೆಯೋ ಅದು. ಹಸಿರಾದರೆ ಹಸಿರು, ಕೆಂಪಾದರೆ ಕೆಂಪು. ತಲೆಗೂ ಅದೇ, ಮೈಗೂ ಅದೇ, ಗಡ್ಡ ಹೆರೆಯುವುದಕ್ಕೂ ಅದೇ. ಒಮ್ಮೆ ಬಟ್ಟೆ ಸೋಪಿನಲ್ಲೇ ಸ್ನಾನ ಮುಗಿಸಿ ಬಂದಿದ್ದೆನಂತೆ. ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ, ಶಾಂತಾಗೆ ಗೊತ್ತಾದದ್ದು ಸೋಪು ಸವೆದಿದ್ದರಿಂದ.

ನಾವು ಬೆಳೆದದ್ದೇ ಹಾಗೆ. ಅಪ್ಪ ಸಂತೇಬೆನ್ನೂರಿನ ಸಂತೆಯಿಂದ ಮೊಳದುದ್ದದ ಬಾರ್ ಸೋಪು ತರುತ್ತಿದ್ದರು. ಅವ್ವ ಅದನ್ನು ದಾರದಲ್ಲಿ ಕೊಯ್ದು ದೊಡ್ಡ ತುಂಡನ್ನು ಬಟ್ಟೆಗೆ, ಸಣ್ಣದನ್ನು ಮಕ್ಕಳಿಗೆ ಇಡುತ್ತಿದ್ದಳು. ಸಾಲದು ಎಂಬಂತೆ ಬಚ್ಚಲ ಮೂಲೆಯಲ್ಲಿ ಮೈ ತಿಕ್ಕುವ ಕಲ್ಲು ಬೇರೆ. ಮಂಡಿ, ಮೊಣಕೈ, ಕುತ್ತಿಗೆ, ಎಲ್ಲಿ ಕಪ್ಪು ಕಂಡಿತೋ ಅಲ್ಲಿ ಕಲ್ಲು. ಎಷ್ಟೋ ಸಲ ಅದು ಕೊಳೆಯಲ್ಲ, ನನ್ನ ಬಣ್ಣವೇ ಅದು ಎಂದು ಹೇಳಬೇಕೆನಿಸಿದರೂ ಕಣ್ಣಲ್ಲಿ ನೊರೆ ತುಂಬಿರುವಾಗ ವಾದ ಮಾಡುವುದು ಕಷ್ಟ. ನಮ್ಮ ಚರ್ಮಕ್ಕೆ ಹೇಗನಿಸುತ್ತಿದೆ ಎಂದು ಯಾರೂ ಕೇಳಲಿಲ್ಲ, ಚರ್ಮವೂ ಹೇಳುವ ಧೈರ್ಯ ಮಾಡಲಿಲ್ಲ.

ಹೀಗಿರುವಾಗ ನಮ್ಮ ಮಗಳು ಸುಮಾ ಬಾಣಂತನಕ್ಕೆಂದು ಜಗಳೂರಿನ ಗಂಡನ ಮನೆಯಿಂದ ನ್ಯಾಮತಿಯ ನಮ್ಮ ಮನೆಗೆ ಬಂದಳು. ಹೆಣ್ಣು ಕೂಸು. ಪುಟ್ಟಿ ಎಂದು ಕರೆದೆವು. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕಬಾರದು, ಒರಟಾಗಿರುತ್ತದೆ ಎಂದು ಶಾಂತಾ ನನ್ನ ಹಳೆಯ ಪಂಚೆಗಳನ್ನೆಲ್ಲ ಹುಡುಕಿ ತೆಗೆದು ಹರಿದು ಚೌಕ ಮಾಡಿದಳು. ಉಟ್ಟು ಉಟ್ಟು ಮೆತ್ತಗಾದ ನನ್ನ ಪಂಚೆಯೊಳಗೆ ಆ ಕೂಸು ಮಲಗಿದ್ದನ್ನು ನೋಡಿ ನನಗೆ ಬಹಳ ಸಂತೋಷವಾಯಿತು. ಹತ್ತಿರ ಕೂತು ನೋಡುತ್ತಲೇ ಇರುತ್ತಿದ್ದೆ. ಎಂಥ ಚರ್ಮ ಅದು! ಕಿವಿಯ ಹಾಲೆಯನ್ನು ಬೆಳಕಿಗೆ ಹಿಡಿದರೆ ಆಚೆಯ ಬೆಳಕು ಕೆಂಪಗೆ ಕಾಣಿಸುತ್ತದೆ. ಅಂಗಾಲಿಗೂ ಅಂಗೈಗೂ ವ್ಯತ್ಯಾಸವೇ ಇಲ್ಲ. ಇದೇ ಚರ್ಮ ಮುಂದೆ ನನ್ನ ಹಿಮ್ಮಡಿಯ ಹಾಗೆ ಬಿರುಕು ಬಿಡುತ್ತದಲ್ಲ, ಅದು ಯಾವ ದಿನದಿಂದ ಶುರುವಾಗುತ್ತದೆ ಎಂದು ಯೋಚಿಸುತ್ತಿದ್ದೆ. ಇನ್ನೊಂದು ವಿಷಯ ಹೇಳಲೇಬೇಕು. ಸಂಜೆ ಹೊತ್ತು ಪುಟ್ಟಿ ಅಳಲು ಶುರುಮಾಡಿದರೆ ತಾಯಿಯ ಕೈಯಲ್ಲೂ ನಿಲ್ಲುತ್ತಿರಲಿಲ್ಲ, ಅಜ್ಜಿಯ ಕೈಯಲ್ಲೂ ನಿಲ್ಲುತ್ತಿರಲಿಲ್ಲ. ನನ್ನ ಎಡ ಹೆಗಲಿಗೆ ಹಾಕಿದರೆ ಮುಖವನ್ನು ನನ್ನ ಕುತ್ತಿಗೆಗೆ ತಿರುಗಿಸಿಕೊಂಡು, ಒಂದು ನಿಟ್ಟುಸಿರು ಬಿಟ್ಟು ಮಲಗಿಬಿಡುತ್ತಿದ್ದಳು. ನಿವೃತ್ತಿಯಾದ ಮೇಲೆ ಮನೆಯಲ್ಲಿ ನನ್ನಿಂದಲೇ ಆಗಬೇಕಾದ ಕೆಲಸ ಅಂತ ಸಿಕ್ಕಿದ್ದು ಅದೊಂದೇ. ನಾನು ಬಸ್ಸಿನಲ್ಲಿ ಹೋಗುವಾಗಲೂ ಆ ಹೆಗಲನ್ನು ಯಾರಿಗೂ ತಾಗದಂತೆ ಜೋಪಾನ ಮಾಡತೊಡಗಿದೆ.

ಒಂದು ದಿನ ಪುಟ್ಟಿಯ ಗಲ್ಲದ ಕೆಳಗೆ ಕೆಂಪು ಕಾಣಿಸಿತು. ಸಾಸಿವೆ ಉದುರಿಸಿದ ಹಾಗೆ ಸಣ್ಣ ಗುಳ್ಳೆ. ಮನೆಯಲ್ಲಿ ಎರಡು ಪಕ್ಷಗಳಾದವು. ಶಾಂತಾ ದಿನಾ ಎರೆಯುವಾಗ ಕಡಲೆಹಿಟ್ಟಿಗೆ ಚಿಟಿಕೆ ಅರಿಶಿನ ಹಾಕಿ ಹಚ್ಚುತ್ತಿದ್ದಳು. ಸುಮಾ ಮೊಬೈಲಿನಲ್ಲಿ ಆರ್ಡರು ಮಾಡಿ ತರಿಸಿದ್ದ ಬಾಟಲಿಯನ್ನು ಅದೇ ಬಚ್ಚಲಲ್ಲಿ ಇಟ್ಟಿದ್ದಳು. “ನಿನ್ನ ಕಡ್ಲೆಹಿಟ್ಟು ಚುಚ್ಚುತೈತಿ ಅಮ್ಮ, ಅದು ಹಿಟ್ಟಲ್ಲ, ಮರಳು” ಎಂದು ಮಗಳು. “ನೀನೂ ಅದೇ ಕಡ್ಲೆಹಿಟ್ಟಿನಾಗೆ ಬೆಳೆದಾಕಿ, ನಿನಗೇನಾಗೈತೆ?” ಎಂದು ತಾಯಿ. ಜಗಳೂರಿನಿಂದ ಬೀಗಿತ್ತಿ ಬೇರೆ ತಮ್ಮ ಮನೆತನದ ಸ್ನಾನದ ಪುಡಿಯನ್ನು ಡಬ್ಬಿ ತುಂಬಾ ಕಳಿಸಿದ್ದರು. ಹೆಸರುಕಾಳು, ಗುಲಾಬಿ ಎಸಳು, ಇನ್ನೂ ಏನೇನೋ. ಆ ಪುಡಿ ಹಚ್ಚದಿದ್ದರೆ ಬೀಗರಿಗೆ ಬೇಜಾರು, ಹಚ್ಚಿದರೆ ನಮಗೆ ಹೆದರಿಕೆ. ಅವರು ದಿನಾ ವಿಡಿಯೋ ಕಾಲ್ ಮಾಡಿದಾಗ ನಾವು ಕೂಸಿನ ಗಲ್ಲ ಮರೆಮಾಡಿ ಎಡಗಡೆಯಿಂದಲೇ ಮುಖ ತೋರಿಸುತ್ತಿದ್ದೆವು. ಕೊನೆಗೊಂದು ದಿನ ಬೀಗಿತ್ತಿ ಕೇಳಿಯೇಬಿಟ್ಟರು: “ಯಾಕ್ರೀ, ಕೂಸು ಯಾವಾಗ್ಲೂ ಒಂದೇ ಕಡೆ ನೋಡ್ತತಲ್ಲ, ಕುತ್ತಿಗೆ ನೆಟ್ಟಗೈತಾ?”

ತಿಂಗಳೊಪ್ಪತ್ತಿನಲ್ಲಿ ಸುಮಾ ಜಗಳೂರಿಗೆ ಹೊರಡುವವಳಿದ್ದಳು. ಕೂಸನ್ನು ಕೆಂಪು ಗಲ್ಲದ ಸಮೇತ ಕಳಿಸಿದರೆ ನಮ್ಮ ಮನೆಯ ಬಾಣಂತನದ ಮರ್ಯಾದೆ ಏನಾಗಬೇಕು! ಅದಕ್ಕಿಂತ ಹೆಚ್ಚಾಗಿ, ಅಷ್ಟು ಚಿಕ್ಕ ಜೀವ ಗಲ್ಲವನ್ನು ಬಟ್ಟೆಗೆ ಉಜ್ಜಿಕೊಂಡು ಅಳುವುದನ್ನು ನಾನು ನೋಡುತ್ತ ಕೂರುವಂತಿರಲಿಲ್ಲ. ನಾನೇ ಕಣಕ್ಕಿಳಿಯಬೇಕೆಂದು ತೀರ್ಮಾನಿಸಿ ಬಸ್ ನಿಲ್ದಾಣದ ಹತ್ತಿರದ ಮೆಡಿಕಲ್ ಶಾಪಿಗೆ ಹೋದೆ.

“ಕೂಸಿನ ಮೈಗೆ ಎಲ್ಲಕ್ಕಿಂತ ಮೆತ್ತಗಿರೋದು ಯಾವುದಿದೆ?” ಎಂದು ಕೇಳಿದೆ. ಅಂಗಡಿಯವನು ಬಾಟಲಿ, ಡಬ್ಬಿ, ಟ್ಯೂಬುಗಳನ್ನು ಸಾಲಾಗಿ ಜೋಡಿಸಿದ. ಎಲ್ಲವೂ ತಿಳಿ ಗುಲಾಬಿ, ತಿಳಿ ನೀಲಿ. ಎಲ್ಲದರ ಮೇಲೂ ನಗುವ ಕೂಸು.

“ಇದರಲ್ಲಿ ಮೆತ್ತಗಿರೋದು ಯಾವುದಪ್ಪ?”

“ಎಲ್ಲಾನೂ ಮೆತ್ತಗೇ ಸರ್. ಒರಟೈತೆ ಅಂತ ಯಾವ ಕಂಪನಿಯವ್ನು ಬರೀತಾನ್ರಿ?”

ಮಾತು ಸರಿಯಾಗಿಯೇ ಇತ್ತು. ನಾನು ಅಲ್ಲೇ ನಿಂತು ಓದತೊಡಗಿದೆ. ಒಂದರಲ್ಲಿ ಹಾಲು, ಇನ್ನೊಂದರಲ್ಲಿ ಬಾದಾಮಿ, ಮತ್ತೊಂದರಲ್ಲಿ ಓಟ್ಸು, ಜೇನು. ಇನ್ನೂ ಒಂದು ಅಗುಳು ಬಾಯಿಗೆ ಹಾಕಿಕೊಳ್ಳದ ಕೂಸಿನ ಚರ್ಮಕ್ಕೆ ಇಂಥ ಭೋಜನ. ಒಂದರ ಮೇಲೆ “ಸೂಕ್ಷ್ಮ ತ್ವಚೆಗೆ” ಎಂದಿತ್ತು. ಸೂಕ್ಷ್ಮ ಎಂದರೆ ಎಷ್ಟು ಸೂಕ್ಷ್ಮ? “ಪರೀಕ್ಷಿಸಲಾಗಿದೆ” ಎಂದೂ ಇತ್ತು. ಯಾರ ಮೇಲೆ? ಅವರು ಈಗ ಹೇಗಿದ್ದಾರೆ? ಪರೀಕ್ಷೆ ಮಾಡಿದ್ದೇನೋ ಸರಿ, ಪಾಸೋ ಫೇಲೋ ಎಂಬುದನ್ನು ಎಲ್ಲೂ ಹೇಳಿರಲಿಲ್ಲ. ಹಿಂದುಗಡೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಉದ್ದುದ್ದ ರಾಸಾಯನಿಕದ ಹೆಸರುಗಳು, ಕಟ್ಟಕಡೆಗೆ ಬರೀ “ಪರಿಮಳ” ಎಂಬ ಒಂದು ಪದ. ಮಿಕ್ಕದ್ದನ್ನೆಲ್ಲ ಬಿಡಿಸಿ ಬಿಡಿಸಿ ಹೇಳಿದವರು ಪರಿಮಳ ಯಾವುದರದು ಎಂದು ಮಾತ್ರ ಬಾಯಿ ಬಿಟ್ಟಿರಲಿಲ್ಲ. ನನ್ನ ಹಿಂದೆ ನಾಲ್ಕಾರು ಜನ ಚೀಟಿ ಹಿಡಿದು ನಿಂತಿದ್ದರು. ಅಂಗಡಿಯವನು ನಮ್ರವಾಗಿ, “ಸರ್, ಮನೀಗೆ ಒಯ್ದು ಓದ್ರಿ, ಬೇಡಾದ್ದು ಆಮೇಲೆ ವಾಪಸ್ ಕೊಡೂರಂತೆ” ಎಂದ. ಬಿಚ್ಚಿದ್ದನ್ನು ವಾಪಸ್ಸು ತೆಗೆದುಕೊಳ್ಳುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಇಲ್ಲಿ ನನ್ನ ಕೆಲಸದ ಬಗ್ಗೆ ಎರಡು ಮಾತು. ನಾನು ಕೃಷಿ ಇಲಾಖೆಯಲ್ಲಿದ್ದವನು. ಕತ್ತಲಗೆರೆಯ ಸುತ್ತಮುತ್ತ ಬಹಳ ಕಾಲ ಓಡಾಡಿದ್ದೇನೆ. ಹೊಸ ಬೀಜವನ್ನೋ ಗೊಬ್ಬರವನ್ನೋ ರೈತರಿಗೆ ಬರೀ ಬಾಯಲ್ಲಿ ಹೇಳಿದರೆ ಅವರು ತಲೆಯಾಡಿಸಿ ಟೀ ಕುಡಿಸಿ ಕಳಿಸುತ್ತಾರೆ. ಅದಕ್ಕೇ ಪ್ರಾತ್ಯಕ್ಷಿಕೆ ತಾಕು ಮಾಡುತ್ತಿದ್ದೆವು. ಒಂದೇ ಹೊಲವನ್ನು ತಾಕುಗಳಾಗಿ ವಿಂಗಡಿಸಿ, ಗೂಟ ಹೊಡೆದು, ನಂಬರು ಬರೆದು, ಒಂದೊಂದಕ್ಕೆ ಒಂದೊಂದು ಉಪಚಾರ ಕೊಟ್ಟು, ಒಂದು ತಾಕಿಗೆ ಮಾತ್ರ ಏನೂ ಹಾಕದೆ ಬಿಡುವುದು. ಆಮೇಲೆ ಬೆಳೆಯೇ ಮಾತಾಡುತ್ತದೆ. ಮೆಕ್ಕೆಜೋಳಕ್ಕೆ ನಡೆಯುವುದು ಮೊಮ್ಮಗಳ ಸೋಪಿಗೆ ಯಾಕೆ ನಡೆಯಬಾರದು ಎನಿಸಿತು. ಕೂಸಿನ ಮೇಲೆ ಪ್ರಯೋಗ ಮಾಡುವಂತಿಲ್ಲ. ಹೊಲ ನನ್ನದೇ ಆಗಬೇಕು.

ಮೊದಲು ಎಡ ಮುಂಗೈ ಮೇಲೆ ಬಾಲ್‌ಪೆನ್ನಿನಲ್ಲಿ ಚೌಕ ಹಾಕಿ, ಅಂಗಡಿಯಿಂದ ಕೊಂಡು ತಂದಿದ್ದ ಎರಡು ಕ್ರೀಮನ್ನೂ ಮನೆಯ ಹಿಟ್ಟು, ಪುಡಿಯನ್ನೂ ಹಚ್ಚಿದೆ. ಏನೂ ಆಗಲಿಲ್ಲ. ಆಗುವುದಾದರೂ ಹೇಗೆ? ಜೀವಮಾನವೆಲ್ಲ ಬಿಸಿಲು ಕುಡಿದು ಅದು ಬೈಕಿನ ಸೀಟಿನಷ್ಟು ಗಟ್ಟಿಯಾಗಿತ್ತು. ಬಿಸಿಲು ಕಾಣದ, ಮೆತ್ತನೆಯ ಜಾಗ ಬೇಕಿತ್ತು. ಕನ್ನಡಿ ಮುಂದೆ ಅಂಗಿ ಬಿಚ್ಚಿ ಸರ್ವೆ ಮಾಡಿದಾಗ ಕುತ್ತಿಗೆಯ ಬುಡದಿಂದ ಹೆಗಲವರೆಗಿನ ಭಾಗ ಅಷ್ಟಿಷ್ಟು ಬೆಳ್ಳಗೆ, ನುಣುಪಾಗಿ ಕಾಣಿಸಿತು. ಬರೆಯುವುದು ಬಲಗೈಯಾದ್ದರಿಂದ ಎಡ ಹೆಗಲು. ಐದು ಚೌಕ, ಐದು ನಂಬರು. ಒಂದಕ್ಕೆ ಶಾಂತಾಳ ಕಡಲೆಹಿಟ್ಟು, ಎರಡಕ್ಕೆ ಬೀಗರ ಪುಡಿ, ಮೂರು ನಾಲ್ಕಕ್ಕೆ ಅಂಗಡಿಯ ಕ್ರೀಮುಗಳು, ಐದು ಖಾಲಿ. ದಿನಾ ಮಧ್ಯಾಹ್ನ ಊಟವಾದ ಮೇಲೆ ಹೊಸದಾಗಿ ಹಚ್ಚಿ, ಅಳಿಸಿಹೋದ ನಂಬರನ್ನು ಮತ್ತೆ ತಿದ್ದಿ, ಮೇಲೆ ಬನಿಯನ್ ಹಾಕಿಕೊಳ್ಳುತ್ತಿದ್ದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಫಲಿತಾಂಶ ಬಂದ ಮೇಲೆ, ಹೊಲದಲ್ಲಿ ರೈತರನ್ನು ಸೇರಿಸಿ ಕ್ಷೇತ್ರೋತ್ಸವ ಮಾಡಿದ ಹಾಗೆ, ಎಲ್ಲರನ್ನೂ ಕೂರಿಸಿ ತೋರಿಸೋಣ ಎಂದಿದ್ದೆ.

ಇತ್ತ ಪುಟ್ಟಿಯ ಕೆಂಪು ಗಲ್ಲದಿಂದ ಬಲಗೆನ್ನೆಗೆ ಏರಿತು. ಸುಮಾ ಹೆದರಿ ಎಲ್ಲವನ್ನೂ ನಿಲ್ಲಿಸಿದಳು. ಹಿಟ್ಟಿಲ್ಲ, ಪುಡಿಯಿಲ್ಲ, ಬಾಟಲಿಯಿಲ್ಲ, ಬರೀ ಉಗುರುಬೆಚ್ಚನೆ ನೀರು. ನನಗೆ ಒಳಗೊಳಗೇ ಮೆಚ್ಚುಗೆಯಾಯಿತು. ಕೂಸೇ ಈಗ ಏನೂ ಹಾಕದ ತಾಕು, ಇನ್ನು ಸತ್ಯ ಹೊರಬೀಳಲೇಬೇಕು ಎಂದುಕೊಂಡೆ. ಆದರೆ ಏನೂ ಹಚ್ಚದ ಕೆನ್ನೆ ದಿನದಿಂದ ದಿನಕ್ಕೆ ಹೆಚ್ಚು ಕೆಂಪಾಯಿತು. ಇಷ್ಟೆಲ್ಲ ಹಚ್ಚಿಕೊಂಡ ನನ್ನ ಹೆಗಲು ಮಾತ್ರ ಆರಾಮಾಗಿತ್ತು. ಇದೆಂಥ ವಿಚಿತ್ರ! ಶಾಂತಾ ದೃಷ್ಟಿ ತೆಗೆದಳು. ನಾನು ಮೂರನೇ ತಾಕಿಗೆ ಇನ್ನೂ ಘಾಟು ಪರಿಮಳದ ಹೊಸದೊಂದು ಕ್ರೀಮು ತಂದು ಪ್ರಯೋಗವನ್ನು ತೀವ್ರಗೊಳಿಸಿದೆ. ಸಂಜೆ ಕೂಸು ಅತ್ತಾಗ ಎಂದಿನಂತೆ ಹೆಗಲಿಗೆ ಹಾಕಿಕೊಂಡು, “ಸ್ವಲ್ಪ ತಡ್ಕೋ ಪುಟ್ಟಿ, ಅಜ್ಜ ಕಂಡುಹಿಡೀತಾನೆ” ಎಂದು ಬೆನ್ನು ಸವರುತ್ತಿದ್ದೆ.

ಕೊನೆಗೆ ಹೊನ್ನಾಳಿಯ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಬಸ್ಸಿನ ತುಂಬಾ ಪುಟ್ಟಿ ನನ್ನ ಹೆಗಲ ಮೇಲೇ ಮಲಗಿದ್ದಳು. ಸೆಕೆಗೆ ನಾನೂ ಬೆವೆತಿದ್ದೆ, ಅಂಗಿಯ ಕಾಲರು ಹಿಂದಕ್ಕೆ ಸರಿದಿತ್ತು. ಡಾಕ್ಟರು ಕನ್ನಡಕ ಏರಿಸಿ ಕೆನ್ನೆ ನೋಡಿದರು. ಬಗ್ಗಿ ಇನ್ನೂ ಹತ್ತಿರದಿಂದ ನೋಡಿದರು. ಹತ್ತಿಯನ್ನು ನೀರಲ್ಲಿ ಅದ್ದಿ ಒಂದು ಬದಿ ಒರೆಸಿದರೆ ಹತ್ತಿ ನೀಲಿಯಾಯಿತು.

“ಏನಮ್ಮ ಇದು? ಕೂಸಿನ ಕೆನ್ನೆ ಮೇಲೆ ಏನೋ ಬರೆದೈತಲ್ಲ?”

ಸುಮಾ ನೋಡಿದಳು. ಶಾಂತಾ ನೋಡಿದಳು. ನಾನೂ ನೋಡಿದೆ. ಪುಟ್ಟಿಯ ಬಲಗೆನ್ನೆಯ ಮೇಲೆ, ಕೆಂಪಿನ ನಟ್ಟನಡುವೆ, ಒಂದು ಚೌಕ. ಚೌಕದೊಳಗೆ ತಿರುವುಮುರುವಾದ ನಾಲ್ಕು.

ಕತ್ತಲಗೆರೆಯಲ್ಲಿ ನಾನು ರೈತರಿಗೆ ಹೇಳುತ್ತಿದ್ದ ಮೊದಲ ಪಾಠವೇ ಅದು. ಔಷಧಿ ಹೊಡೆಯುವಾಗ ಗಾಳಿ ಯಾವ ಕಡೆ ಬೀಸುತ್ತಿದೆ ನೋಡ್ಕೊಳ್ರಪ್ಪ, ನಿಮ್ಮ ಹೊಲಕ್ಕೆ ಹೊಡೆದದ್ದು ಪಕ್ಕದವರ ಬೆಳೆ ಸುಟ್ಟೀತು. ಇಡೀ ಮನೆಯವರು ಕೂಸಿಗೆ ಯಾವುದೂ ಸೋಕದಂತೆ ಕಾಯುತ್ತಿದ್ದಾಗ, ಅಷ್ಟನ್ನೂ ಒಟ್ಟಿಗೆ, ದಿನಾ ಸಂಜೆ, ಬೆವರಲ್ಲಿ ಕಲಸಿ ಕೊಡುತ್ತಿದ್ದವನು ನಾನು. ಅಂಗಿಯ ಮೇಲಿನ ಗುಂಡಿಗಳನ್ನು ಬಿಚ್ಚಿ ಹೆಗಲು ತೋರಿಸಿದೆ. ಡಾಕ್ಟರು ಒಂದು ಕ್ಷಣ ಗಂಭೀರವಾಗಿದ್ದು, ಆಮೇಲೆ ತಡೆಯಲಾಗದೆ ನಗತೊಡಗಿದರು. ಶಾಂತಾ ನಗಲಿಲ್ಲ. “ಕೂಸಿನ ಮೈ ಕಾಯಾಕೆ ಹೋಗಿ ಇದೇನ್ರೀ ಮಾಡಿದ್ರಿ!” ಎಂದು ತಲೆ ಮೇಲೆ ಕೈಯಿಟ್ಟುಕೊಂಡಳು.

“ಗಲ್ಲದ ಕೆಳಗೆ ಮೊದಲು ಬಂದಿದ್ದು ಹಾಲು, ಜೊಲ್ಲು ಇಳಿದು ಬಂದಿದ್ದು, ಅದು ತಾನಾಗೇ ಹೋಗ್ತಿತ್ತು” ಎಂದು ಡಾಕ್ಟರು ಹೇಳಿದರು. “ಕೂಸಿಗೆ ಹೆಚ್ಚೇನೂ ಬೇಡ. ಪರಿಮಳ ಇಲ್ಲದ ಸೋಪು, ಸ್ವಲ್ಪೇ ಸ್ವಲ್ಪ, ಬೇಗ ಸ್ನಾನ ಮುಗಿಸೋದು, ಮಡಿಕೆಗಳಲ್ಲಿ ನೀರು ನಿಲ್ಲದ ಹಾಗೆ ಒರೆಸೋದು. ಆದ್ರೆ ಯಜಮಾನ್ರೇ, ಕೂಸಿಗೆ ಏನು ಹಚ್ತೀರಿ ಅನ್ನೋದಷ್ಟೇ ಅಲ್ಲ, ಕೂಸನ್ನ ಎತ್ತಿಕೊಳ್ಳೋರು ಏನು ಹಚ್ಕೊಂಡಿರ್ತಾರೆ ಅನ್ನೋದೂ ಲೆಕ್ಕಕ್ಕೆ ಬರ್ತದೆ.” ಒಂದು ಮುಲಾಮು ಬರೆದುಕೊಟ್ಟರು.

ವಾಪಸ್ಸು ಬರುವಾಗ ಪುಟ್ಟಿಯನ್ನು ಶಾಂತಾ ಎತ್ತಿಕೊಂಡಿದ್ದಳು. ನಾನು ಚೀಲ ಎತ್ತಿಕೊಂಡಿದ್ದೆ. “ಕೆನ್ನೆ ವಾಸಿ ಆಗೋತಂಕ ನೀನು ಎತ್ತಿಕೊಳ್ಳೋದು ಬ್ಯಾಡಪ್ಪಾ” ಎಂದು ಸುಮಾ ಮೆತ್ತಗೇ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು. ಸಂಜೆ ಕೂಸು ಅಳುವುದನ್ನು ಕೇಳುತ್ತಾ ಆಚೆ ಜಗಲಿಯ ಮೇಲೆ ಕೂರುವುದು ಎಂಥ ಶಿಕ್ಷೆ ಎಂದು ಆ ದಿನಗಳಲ್ಲಿ ಗೊತ್ತಾಯಿತು. ನಾನು ಸುಮ್ಮನೆ ಕೂರಲಿಲ್ಲ. ನನ್ನ ಮೈಮೇಲಿನ ಪರಿಮಳಗಳನ್ನೆಲ್ಲ ಹುಡುಕಿ ಹೊರಹಾಕತೊಡಗಿದೆ. ಪೌಡರು ಹೋಯಿತು. ಮಂಡಿನೋವಿನ ಮುಲಾಮು ಹೋಗಿ ಮಂಡಿನೋವು ಉಳಿಯಿತು. ತಲೆಗೆ ಹಾಕುತ್ತಿದ್ದ ಘಮಘಮ ಎಣ್ಣೆ ಹೋಯಿತು. ನನ್ನ ಬಟ್ಟೆಗಳನ್ನು ಬೇರೆಯಾಗಿ, ಪರಿಮಳವಿಲ್ಲದ ಸೋಪಿನಲ್ಲಿ ನಾನೇ ತೊಳೆದು ಎರಡೆರಡು ಸಲ ಜಾಲಾಡಿದೆ. ಶಾಂತಾ ಒಮ್ಮೆ ಹತ್ತಿರ ಬಂದು ಮೂಸಿ, “ಈಗ ನೀವು ಮನಿಯಾಗೆ ಅದೀರೋ ಇಲ್ಲೋ ಗೊತ್ತೇ ಆಗಲ್ಲ ನೋಡ್ರಿ” ಎಂದಳು. ಕೆನ್ನೆ ತಿಳಿಯಾಯಿತು. ಒಂದು ಸಂಜೆ ಸುಮಾ ತಾನಾಗಿಯೇ ಕೂಸನ್ನು ತಂದು ನನ್ನ ಹೆಗಲಿಗೆ ಹಾಕಿದಳು. ಪುಟ್ಟಿ ಮುಖ ತಿರುಗಿಸಿ, ಮೂಗನ್ನು ಕುತ್ತಿಗೆಗೆ ಒತ್ತಿ, ಸ್ವಲ್ಪ ಹೊತ್ತು ವಿಚಾರಣೆ ನಡೆಸಿ, ನಿಟ್ಟುಸಿರು ಬಿಟ್ಟು ಮಲಗಿದಳು.

ಕೂಸು ಜಗಳೂರಿಗೆ ಹೋಯಿತು. ಎರಡೂ ಕೆನ್ನೆ ತೋರಿಸಿಯೇ ಕಳಿಸಿಕೊಟ್ಟೆವು. ಅದಾಗಿ ಕೆಲವು ದಿನಕ್ಕೆ ಸುಮಾ ಫೋನ್ ಮಾಡಿದಳು. ಸಂಜೆಯಾದರೆ ಪುಟ್ಟಿ ಅಳುತ್ತಾಳಂತೆ, ಯಾರ ಹೆಗಲಿಗೆ ಹಾಕಿದರೂ ಮೂಗು ಹಚ್ಚಿ ನೋಡಿ ಮತ್ತೆ ಅಳುತ್ತಾಳಂತೆ. “ಅಪ್ಪಾ, ನೀನು ಹಾಕ್ಕೊಂಡಿದ್ದ ಬನೀನು ಒಂದು ಕಳಿಸು. ತೊಳೀಬ್ಯಾಡ” ಎಂದಳು.

ಶಾಂತಾಗೆ ಸಿಡಿಲು ಬಡಿದಂತಾಯಿತು. “ಮಗಳ ಮನೀಗೆ ಬೆವರಿದ ಬನೀನು ಕಳ್ಸಾದಾ? ಬೀಗರು ಬಿಚ್ಚಿ ನೋಡಿದ್ರೆ ಏನಂತಾರೆ?” ನನ್ನ ಕಣ್ಣು ತಪ್ಪಿಸಿ ಅದನ್ನು ತೊಳೆದು, ಇಸ್ತ್ರಿ ಮಾಡಿ, ಜೊತೆಗೆ ಚಕ್ಕುಲಿಯನ್ನೂ ಇಟ್ಟು ಕಳಿಸಿದಳು. ಚಕ್ಕುಲಿ ಚೆನ್ನಾಗಿದ್ದವಂತೆ. ಬನಿಯನ್ನನ್ನು ಕೂಸು ಮೂಸಿ ನೋಡಿ ಒದ್ದು ಬಿಸಾಕಿತಂತೆ. ಎರಡನೇ ಸಲ ನಾನೇ ಮೈಮೇಲಿಂದ ತೆಗೆದು, ಹಾಗೇ ಮಡಚಿ, ಜಗಳೂರಿಗೆ ಹೊರಟಿದ್ದ ಪರಿಚಯದವರೊಬ್ಬರ ಕೈಯಲ್ಲಿ ಕೊಟ್ಟು ಕಳಿಸಿದೆ. ಒಳಗೇನಿದೆ ಎಂದು ಅವರು ಕೇಳಿದರು. ಕೂಸಿಗೆ ಬೇಕಾದ್ದು ಎಂದಷ್ಟೇ ಹೇಳಿದೆ.

ಮರುದಿನ ಬೀಗರೇ ಫೋನ್ ಮಾಡಿದರು. ಬನಿಯನ್ ಬಿಚ್ಚಿ ನೋಡಿರಬೇಕು ಎಂದುಕೊಂಡೆ. ಅವರದು ಜಗಳೂರಿನಲ್ಲಿ ಹೆಸರಾದ ಬಟ್ಟೆ ಅಂಗಡಿ. ಸ್ವಭಾವತಃ ಗತ್ತಿನ ಮನುಷ್ಯ. ಮಳೆ, ಬೆಳೆ, ಆರೋಗ್ಯ ಎಲ್ಲ ವಿಚಾರಿಸಿ ಆಮೇಲೆ ಸ್ವಲ್ಪ ಕೆಮ್ಮಿದರು.

“ನಿನ್ನೆ ಬಂದ ಬನೀನು ಕೆಲಸ ಮಾಡ್ತು ರೀ. ಕೂಸು ಅದನ್ನ ಅವುಚ್ಕೊಂಡು ಮಲಗಿದ್ದು ಬೆಳಗಾಗೋತಂಕ ಏಳ್ಲಿಲ್ಲ.”

“ಒಳ್ಳೇದಾಯ್ತು ಬಿಡ್ರಿ.”

“ಅಲ್ರೀ, ನಮ್ಮ ಅಂಗಡಿಯಾಗೆ ಗೋಡೆ ತುಂಬಾ ಬನೀನು ಅದಾವೆ, ಒಂದೂ ಬ್ಯಾಡಂತೆ ಅದಕ್ಕೆ.” ಮತ್ತೆ ಕೆಮ್ಮಿದರು. ದನಿ ತಗ್ಗಿತು. “ನಮ್ಮನೆಯಾಕಿಗೆ ಹೇಳಬ್ಯಾಡ್ರಿ ಮತ್ತೆ. ನಂದೂ ಒಂದು ಇಟ್ಟು ನೋಡಿದೆ. ಮೂಸಿ ನೋಡಿ ಅತ್ತುಬಿಡ್ತು.”

ಅದೆಲ್ಲ ರೂಢಿಯಾಗಬೇಕು, ನಿಮ್ಮದಕ್ಕೂ ಒಗ್ಗಿಕೊಳ್ಳುತ್ತೆ ಎಂದು ಗಂಭೀರವಾಗಿ ಸಮಾಧಾನ ಹೇಳಿ ಫೋನಿಟ್ಟೆ. ಆಮೇಲೆ ಜಗಲಿಯಲ್ಲಿ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಓಡಾಡಿದೆ. ಇಷ್ಟು ವರ್ಷದ ಸರ್ವಿಸಿನಲ್ಲಿ ಯಾರೂ ನನ್ನನ್ನು ಹೀಗೆ ಹೊಗಳಿರಲಿಲ್ಲ. ಒಳಗಿನಿಂದ ಶಾಂತಾ ಕೂಗಿದಳು: “ರೀ, ನೀರು ಕಾದೈತೆ, ಸ್ನಾನಕ್ಕೆ ಏಳ್ರಿ.”

“ಇವತ್ತು ಬೇಡ” ಎಂದೆ. “ಜಗಳೂರಿಗೆ ಇನ್ನೊಂದು ಬನಿಯನ್ ಕಳಿಸೋದಿದೆ.”